ಹೆಲ್ಪ್ ಟೂಲ್ ಆರಿಸಲು ನಮ್ಮ ಹಳೇ ಕೈಪಿಡಿಯೇ ಸಾಕಾಯಿತು

ಡೆಮೊದಲ್ಲಿ ಎಲ್ಲ ಹೆಲ್ಪ್ ಆಥರಿಂಗ್ ಟೂಲ್‌ಗಳೂ (ಕೈಪಿಡಿ, ಸಹಾಯ ಪುಟಗಳನ್ನು ಬರೆಯುವ ಸಾಫ್ಟ್‌ವೇರ್) ಚೆನ್ನಾಗೇ ಕಾಣುತ್ತವೆ, ಅಲ್ವಾ? ಹಾಗಾಗಿ ಯಾವುದನ್ನು ಕೊಳ್ಳೋದು ಅಂತ ನಮ್ಮ ತಂಡದಲ್ಲಿ ತೀರ್ಮಾನವೇ ಆಗುತ್ತಿರಲಿಲ್ಲ. ಕೊನೆಗೆ ಟ್ರಯಲ್ ಆವೃತ್ತಿಗಳನ್ನು ಹಾಕಿಕೊಂಡು, ನಮ್ಮ ಹಳೇ ಕೈಪಿಡಿಯ ಅತಿ ಗೋಜಲಿನ ವರ್ಡ್ ಅಧ್ಯಾಯವನ್ನು ಎಲ್ಲದಕ್ಕೂ ಇಂಪೋರ್ಟ್ ಮಾಡಿದೆ. ಬಣ್ಣ ಅಲ್ಲೇ ಬಯಲಾಯಿತು. ಒಂದರಲ್ಲಿ, 4ನೇ ಹಂತದ ಕೆಳಗೆ ಸ್ಕ್ರೀನ್‌ಶಾಟ್ ಬಂದ ಕೂಡಲೇ ಮುಂದಿನ ಹಂತ ಮತ್ತೆ 1 ಆಗಿತ್ತು. ಇನ್ನೊಂದು ಪ್ರತಿ ಸಾಲಿಗೂ ಫಾಂಟ್ ಅಂಟಿಸಿತ್ತು. ಇಡೀ ಕೈಪಿಡಿಯ ರೂಪ ನಿರ್ಧರಿಸುವ ಸಿಎಸ್ಎಸ್ ಸ್ಟೈಲ್ ಫೈಲ್ ಬದಲಿಸಿದರೂ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ಯಾವ ಭಾಗ ಯಾರ ಪ್ರತಿಯಲ್ಲಿ ಬರಬೇಕು ಅಂತ ಗುರುತಿಸುವ ಕಂಡಿಷನ್ ಟ್ಯಾಗ್ ಹಾಕಿ, ಒಂದೇ ಮೂಲದಿಂದ ಅಡ್ಮಿನ್‌ಗೊಂದು, ಬಳಕೆದಾರರಿಗೊಂದು ಪಿಡಿಎಫ್ ತೆಗೆದೆ. ಆ ಪ್ರತಿಯಿಂದ ಕೈಬಿಟ್ಟ ಟಾಪಿಕ್‌ಗೆ (ವಿಷಯದ ಪುಟಕ್ಕೆ) ಲಿಂಕ್ ಉಳಿದಿದೆಯಾ ಅಂತ ಇಲ್ಲಿ ನೋಡಲೇಬೇಕು.

ಕೊನೆಗೆ ಮ್ಯಾಡ್‌ಕ್ಯಾಪ್ ಫ್ಲೇರ್ ಅನ್ನೋ ಟೂಲ್ ತೆಗೆದುಕೊಂಡೆವು. ಅದರ ಟಾಪಿಕ್‌ಗಳು ಎಕ್ಸ್ಎಂಎಲ್ ಫೈಲುಗಳು, ಅಂದರೆ ಟ್ಯಾಗ್ ಹಾಕಿದ ಬರೀ ಪಠ್ಯ. ಹಾಗಾಗಿ ಯಾರು ಏನು ತಿದ್ದಿದರು ಅನ್ನೋದು ಗಿಟ್‌ನಲ್ಲಿ (ಫೈಲುಗಳ ಬದಲಾವಣೆ ದಾಖಲಿಸುವ ಸಾಫ್ಟ್‌ವೇರ್) ಸಾಲುಸಾಲಾಗಿ ಸಿಗುತ್ತದೆ. ಫ್ಲೇರ್‌ನ ಡೆಸ್ಕ್‌ಟಾಪ್ ಆವೃತ್ತಿ ಓಡೋದು ವಿಂಡೋಸ್‌ನಲ್ಲಿ ಮಾತ್ರ. ನಮ್ಮಲ್ಲಿ ಎಲ್ಲರದ್ದೂ ವಿಂಡೋಸೇ.