ಕಾರಿನ ನೆತ್ತಿಯ ಮೇಲೆ ಮಲಗಿ ಎಟೋಶಾ ನೋಡಿದ್ದು

ಮೊದಲ ಪೂರ್ತಿ ದಿನ ನಾವು ಒಂಬತ್ತು ನೀರಿನ ಹೊಂಡಗಳನ್ನು ಸುತ್ತಿದೆವು. ಕಂಡದ್ದು ಧೂಳು ಮತ್ತು ದೂರ ಸರಿಯುತ್ತಿದ್ದ ಜೀಬ್ರಾಗಳ ಬೆನ್ನು. ಮರುದಿನ ಒಂದೇ ಹೊಂಡದ ಬಳಿ ಎಂಜಿನ್ ಆರಿಸಿ ನಾಲ್ಕು ತಾಸು ಕುಳಿತೆವು. ಎಟೋಶಾ ಎಂದರೆ ಏನೆಂದು ತಿಳಿದದ್ದು ಆಗ.

ನಮೀಬಿಯಾದ ಉತ್ತರದಲ್ಲಿರುವ ಈ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 22,000 ಚದರ ಕಿಲೋಮೀಟರಿಗೂ ಹೆಚ್ಚು. ಜರ್ಮನ್ನರ ಆಳ್ವಿಕೆಯಿದ್ದ 1907ರಲ್ಲಿ ಇದನ್ನು ಮೀಸಲು ಪ್ರದೇಶವೆಂದು ಘೋಷಿಸಿದರು. ಒಳಗೆ ಸುಮಾರು 4,800 ಚದರ ಕಿಲೋಮೀಟರು ಹರಡಿರುವುದು ಬಿಳಿ ಉಪ್ಪಿನ ಬಯಲು. ನಾವು ಹೋದದ್ದು ಜುಲೈನಲ್ಲಿ. ಅಲ್ಲಿ ಅದು ಚಳಿಗಾಲ, ಹನಿ ಮಳೆಯಿಲ್ಲದ ಒಣ ಕಾಲ. ಬಯಲಿನ ದಕ್ಷಿಣದ ಅಂಚಿನ ಒರತೆಗಳಲ್ಲಿ ಮತ್ತು ಕೊಳವೆಬಾವಿಯಿಂದ ತುಂಬಿಸುವ ಹೊಂಡಗಳಲ್ಲಿ ಮಾತ್ರ ನೀರು ಉಳಿದಿರುತ್ತದೆ. ಪ್ರಾಣಿಗಳು ಅಲ್ಲಿಗೆ ಬರಲೇಬೇಕು. ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ವಾಹನ ಹತ್ತಿ, ಹುಲಿ ಕಂಡಿತಂತೆ ಎಂದ ಕಡೆಗೆಲ್ಲ ಧಾವಿಸಿ ರೂಢಿಯಾದ ನನಗೆ ಈ ಸಣ್ಣ ಲೆಕ್ಕ ತಲೆಗೆ ಹೋಗಲು ಒಂದು ದಿನ ಹಿಡಿಯಿತು.

ಹೆಂಡತಿ, ಮಗಳು ಮತ್ತು ನಾನು ಒಟ್ಟು ಆರು ರಾತ್ರಿ ಉದ್ಯಾನದೊಳಗಿನ ಶಿಬಿರಗಳಲ್ಲಿ ಉಳಿದೆವು: ಒಕಾಕುಯೊದಲ್ಲಿ ಮೂರು, ಹಲಾಲಿಯಲ್ಲಿ ಒಂದು, ನಮುಟೋನಿಯಲ್ಲಿ ಎರಡು. ರಾಜಧಾನಿ ವಿಂಡ್‌ಹುಕ್‌ನಲ್ಲಿ ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಸಿಗುವ ಟೊಯೊಟಾ ಹೈಲಕ್ಸ್ ಬಾಡಿಗೆಗೆ ಹಿಡಿದೆವು. ಅದರ ಚಾವಣಿಯ ಮೇಲೆ ಮಡಚಿಟ್ಟ ಎರಡು ಟೆಂಟು, ಹಿಂದೆ ಬ್ಯಾಟರಿಯಿಂದ ನಡೆಯುವ ಫ್ರಿಜ್, ಗ್ಯಾಸ್ ಒಲೆ, ಮೇಜು ಕುರ್ಚಿ. ನಮ್ಮಂತೆಯೇ ರಸ್ತೆಯ ಎಡಕ್ಕೆ ಓಡಿಸುವ ದೇಶ, ಆದ್ದರಿಂದ ಕೈ ಬೇಗ ಒಗ್ಗಿತು. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನಲ್ಲೇ ಆರ್‌ಟಿಒ ಕಚೇರಿಯಿಂದ ಮಾಡಿಸಿಕೊಂಡಿದ್ದೆ.

ಬಾಡಿಗೆಯ ಅಂಗಳದಲ್ಲಿ ಕಾರು ಪಡೆಯುವಾಗ ಒಂದು ತಾಸು ಬಿಡುವು ಮಾಡಿಕೊಳ್ಳಬೇಕು. ಟೆಂಟನ್ನು ನೀವೇ ಬಿಚ್ಚಿ, ನೀವೇ ಮಡಚಿ ನೋಡಿ. ಜಾಕ್ ಎಲ್ಲಿದೆ, ಅದು ಏರುತ್ತದೆಯೇ ಎಂದು ನೋಡಿ. ನಾನು ಇದನ್ನೆಲ್ಲ ಮಾಡಿದೆ, ಸ್ಟೆಪ್ನಿಯ ಗಾಳಿ ನೋಡುವುದೊಂದನ್ನು ಬಿಟ್ಟು. ಉದ್ಯಾನದೊಳಗಿನ ಜಲ್ಲಿ ರಸ್ತೆಗಳಲ್ಲಿ ಚೂಪು ಸುಣ್ಣಕಲ್ಲು ಎದ್ದಿರುತ್ತದೆ. ಟೈರಿನ ಗಾಳಿಯನ್ನು 26 ಪಿಎಸ್‌ಐ ಆಸುಪಾಸಿಗೆ ಇಳಿಸಿದ್ದರೂ ಐದನೆಯ ದಿನ, ಹಲಾಲಿಯಿಂದ ನಮುಟೋನಿಗೆ ಹೋಗುವಾಗ, ಹಿಂದಿನ ಎಡ ಚಕ್ರ ಕುಸಿಯಿತು.

ಶಿಬಿರಗಳ ಬೇಲಿಯ ಹೊರಗೆ ಕಾರಿನಿಂದ ಇಳಿಯುವಂತಿಲ್ಲ. ಅದೇ ದಾರಿಯಲ್ಲಿ ಸಿಂಹದ ಹೆಜ್ಜೆಗಳನ್ನು ಬೆಳಿಗ್ಗೆಯೇ ನೋಡಿದ್ದೆವು. ಇಪ್ಪತ್ತು ನಿಮಿಷ ಒಳಗೇ ಕುಳಿತೆವು. ಹಿಂದಿನಿಂದ ಬಂದ ದಕ್ಷಿಣ ಆಫ್ರಿಕಾದ ವೃದ್ಧ ದಂಪತಿ ತಮ್ಮ ಗಾಡಿಯನ್ನು ನಮ್ಮದಕ್ಕೆ ಒತ್ತಾಗಿ ಅಡ್ಡ ನಿಲ್ಲಿಸಿದರು. ಆಕೆ ದುರ್ಬೀನು ಹಿಡಿದು ಪೊದೆಗಳತ್ತ ಕಾವಲು ಕುಳಿತರು. ಆತ ಮತ್ತು ನಾನು ಚಕ್ರ ಬದಲಿಸಿದೆವು. ಸ್ಟೆಪ್ನಿಯಲ್ಲಿ ಅರ್ಧ ಗಾಳಿಯೂ ಇರಲಿಲ್ಲ. ತುಂಬಿಸಿದ್ದು ಅವರ ಪುಟ್ಟ ಕಂಪ್ರೆಸರ್. ಅಂಥದ್ದೊಂದನ್ನು ಕೊಂಡುಕೊಳ್ಳದೆ ನಾನು ಇನ್ನು ಎಲ್ಲಿಗೂ ಹೊರಡುವುದಿಲ್ಲ.

ಇನ್ನು ಆ ನಾಲ್ಕು ತಾಸು. ಒಕಾಕುಯೊಗೆ ಹತ್ತಿರವಿರುವ ನೆಬ್ರೌನಿ ನೋಡಲು ಏನೂ ಅಲ್ಲ: ಬಟಾಬಯಲಿನಲ್ಲಿ ಒಂದು ಚಿಕ್ಕ ಹೊಂಡ, ಸುತ್ತ ಸುಣ್ಣದಂಥ ಮಣ್ಣು. ನಾವು ಹೋದಾಗ ಅಲ್ಲಿ ಜಿಂಕೆಯಂಥ ನಾಲ್ಕೈದು ಸ್ಪ್ರಿಂಗ್‌ಬಾಕ್ ಇದ್ದವು, ಅಷ್ಟೇ. ಹತ್ತು ಗಂಟೆಯ ಹೊತ್ತಿಗೆ ಜೀಬ್ರಾಗಳು ಸಾಲುಗಟ್ಟಿ ಬಂದವು. ಮುಂದಿನದು ನಿಂತರೆ ಹಿಂದಿನವೆಲ್ಲ ನಿಲ್ಲುತ್ತಿದ್ದವು. ಒಂದು ಕಿವಿ ಅಲುಗಿದರೆ ನೂರು ತಲೆ ಏಳುತ್ತಿತ್ತು. ಜಿರಾಫೆಯೊಂದು ಮುಂಗಾಲುಗಳನ್ನು ಅಗಲಿಸಿ ಬಾಗುವುದು, ಅಳುಕಿ ಮತ್ತೆ ನೆಟ್ಟಗಾಗುವುದು ಹೀಗೆ ಆರು ಸಲ ಮಾಡಿ, ಏಳನೆಯ ಸಲ ನೀರಿಗೆ ಬಾಯಿಟ್ಟಿತು. ಆ ಹೊತ್ತಿಗೆ ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು.

ಮಧ್ಯಾಹ್ನ ಆನೆಗಳು ಬಂದವು. ನೀರಿನ ವಾಸನೆ ಸಿಕ್ಕ ಮೇಲೆ ಕೊನೆಯ ನೂರು ಮೀಟರು ಓಟ. ಮರಿಗಳ ಕಿವಿ ಪಟಪಟ ಬಡಿಯುತ್ತಿತ್ತು. ಜೀಬ್ರಾಗಳು ತಾವಾಗಿಯೇ ಜಾಗ ಬಿಟ್ಟವು. ಕುಡಿದಾದ ಮೇಲೆ ಸೊಂಡಿಲಿನಿಂದ ಕೆಸರೆತ್ತಿ ಮೈಗೆ ಎರಚಿಕೊಂಡವು. ಒಣಗಿದಂತೆ ಇಡೀ ಹಿಂಡು ಸುಣ್ಣ ಬಳಿದ ಗೋಡೆಯಂತಾಯಿತು. ಹೆಣ್ಣಾನೆಗೂ ದಂತವಿರುವುದನ್ನು ಮೊದಲು ಗಮನಿಸಿದವಳು ಮಗಳು. ನಮ್ಮ ಕಾಡಿನಲ್ಲಿ ಅದನ್ನು ನೋಡಲಾಗದು. ಹಿಂಡಿನ ಹಿರಿಯಳು ಕಾರಿನ ಬಾನೆಟ್ಟಿಗೆ ಹತ್ತಡಿ ದೂರದಲ್ಲಿ ನಿಂತಾಗ, ಅವಳ ಮಂಡಿಯ ಸುಕ್ಕುಗಳಲ್ಲಿ ಹಸಿ ಕೆಸರು ಇಳಿಯುತ್ತಿದ್ದುದು ಕಾಣುತ್ತಿತ್ತು. ಕೀಲಿಕೈ ಮುಟ್ಟಬೇಡಿ ಎಂದು ಹೆಂಡತಿ ಪಿಸುಗುಟ್ಟಿದಳು. ನಾನು ಮುಟ್ಟಲಿಲ್ಲ. ಆ ಹಿರಿಯಾನೆ ನಮ್ಮನ್ನು ನೋಡಿ, ತಿರುಗಿ, ಹೋದಳು.

ಶಿಬಿರದ ದಿನಚರಿಯನ್ನು ಗೇಟು ನಿರ್ಧರಿಸುತ್ತದೆ: ಸೂರ್ಯ ಹುಟ್ಟಿದಾಗ ತೆರೆಯುತ್ತದೆ, ಮುಳುಗಿದಾಗ ಮುಚ್ಚುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದ ಮಿತಿ ಇರುವುದರಿಂದ ವಾಪಸಾತಿಗೆ ಧಾರಾಳವಾಗಿ ಸಮಯ ಇಟ್ಟುಕೊಳ್ಳಿ. ಸಂಜೆ ಒಲೆ ಹಚ್ಚಿ, ಮನೆಯಿಂದ ತಂದ ಸಾರಿನ ಪುಡಿಯಲ್ಲಿ ಸಾರು ಕುದಿಸಿದರೆ ಅಕ್ಕಪಕ್ಕದ ಟೆಂಟಿನವರು ಮೂಗರಳಿಸುತ್ತಿದ್ದರು. ಕಪ್ಪು ಬೆನ್ನಿನ ನರಿಗಳು ಬೇಲಿಯೊಳಗೂ ಬರುತ್ತವೆ; ಒಂದು ಮಗಳ ಚಪ್ಪಲಿ ಕಚ್ಚಿಕೊಂಡು ಹೋಯಿತು. ಊಟದ ಚೂರನ್ನೂ ಹೊರಗೆ ಬಿಡಬೇಡಿ. ಬೆಳಗಿನ ಜಾವ ಐದಾರು ಡಿಗ್ರಿ ಚಳಿ, ದಪ್ಪ ರಗ್ಗು ಬೇಕೇ ಬೇಕು.

ಒಕಾಕುಯೊ ಶಿಬಿರಕ್ಕೆ ಅಂಟಿಕೊಂಡೇ ಒಂದು ಹೊಂಡವಿದೆ. ರಾತ್ರಿಯಿಡೀ ಅದರ ಮೇಲೆ ಮಂದ ಬೆಳಕು, ನಡುವೆ ಮೋಟು ಕಲ್ಲುಗೋಡೆ, ಈಚೆ ಬೆಂಚುಗಳು. ಮೂರನೆಯ ರಾತ್ರಿ ಹನ್ನೊಂದರ ಸುಮಾರಿಗೆ ಕಪ್ಪು ಖಡ್ಗಮೃಗವೊಂದು ಮರಿಯೊಂದಿಗೆ ಕತ್ತಲಿನಿಂದ ಬಂತು. ಹಗಲಿನಲ್ಲಿ ಅದು ಪೊದೆ ಬಿಟ್ಟು ಹೊರಬರುವುದು ಅಪರೂಪ. ನೀರು ಹೀರುವ ಸದ್ದು ನಮ್ಮ ಬೆಂಚಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮರಿ ತಾಯಿಯ ಹಿಂಗಾಲಿಗೆ ಒತ್ತಿಕೊಂಡೇ ಕುಡಿಯಿತು. ನಲವತ್ತು ಜನರಿದ್ದೆವು, ಒಬ್ಬರೂ ಕೆಮ್ಮಲಿಲ್ಲ. ಬಳಿಕ ಇನ್ನೆರಡು ಬಂದವು, ಒಂದಕ್ಕೊಂದು ಮೂತಿ ಹತ್ತಿರ ತಂದು ಪೂತ್ಕರಿಸಿ ದೂರ ನಿಂತವು. ಮಗಳು ರಗ್ಗು ಹೊದ್ದು ನನ್ನ ಹೆಗಲಿಗೆ ಒರಗಿ ಎರಡು ಗಂಟೆಯವರೆಗೆ ಕಣ್ಣು ಮುಚ್ಚಲಿಲ್ಲ. ಮತ್ತೆ ಹೋಗುವುದಾದರೆ ಆರರಲ್ಲಿ ನಾಲ್ಕು ರಾತ್ರಿಯನ್ನು ಇಲ್ಲಿಗೇ ಕಾಯ್ದಿರಿಸುತ್ತೇನೆ.