ಮಿನ್ಸ್ಕ್‌ನ ಎಣಿಕೆ, ಬರ್ಲಿನ್‌ನ ಕಡತ

ನನ್ನ ಅಮ್ಮ ಸಾಗರದ ಬಳಿಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದರು. ಚುನಾವಣೆ ಬಂತೆಂದರೆ ಹಿಂದಿನ ದಿನ ಬೆಳಿಗ್ಗೆಯೇ ಮಸ್ಟರಿಂಗ್ ಕೇಂದ್ರಕ್ಕೆ ಹೊರಡುತ್ತಿದ್ದರು. ಮತದಾನದ ದಿನ ಡಿ-ಮಸ್ಟರಿಂಗ್ ಮುಗಿಸಿ ಮನೆ ಸೇರುವಾಗ ನಡುರಾತ್ರಿ ಕಳೆದಿರುತ್ತಿತ್ತು. ಎಷ್ಟೇ ದಣಿದಿದ್ದರೂ ನಮೂನೆ 17ಸಿ ಬಗ್ಗೆ ಒಂದು ಮಾತು ಹೇಳದೆ ಅವರು ಮಲಗುತ್ತಿರಲಿಲ್ಲ. ಮತಗಟ್ಟೆಯಲ್ಲಿ ಎಷ್ಟು ಮತ ಬಿತ್ತು ಎಂಬ ಲೆಕ್ಕದ ಹಾಳೆ ಅದು. ಅದರ ಪ್ರತಿ ಎಲ್ಲ ಪಕ್ಷಗಳ ಏಜೆಂಟರ ಕೈ ಸೇರುವವರೆಗೆ ಪೆಟ್ಟಿಗೆ ಎತ್ತುವಂತಿಲ್ಲ ಎಂಬುದು ಅವರ ಪಟ್ಟು.

2020ರ ಆಗಸ್ಟ್ 9ರ ರಾತ್ರಿ ಬರ್ಲಿನ್‌ನಲ್ಲಿ ಕುಳಿತಿದ್ದಾಗ ನನಗೆ ಆ ಹಾಳೆಯೇ ನೆನಪಾಯಿತು. ನಾನು ಆಗ ಜರ್ಮನಿಯ ಸಂಸತ್ತಾದ ಬುಂಡೆಸ್ಟಾಗ್‌ನ ಸದಸ್ಯರೊಬ್ಬರ ಕಚೇರಿಯಲ್ಲಿ ವಿದೇಶಾಂಗ ಮತ್ತು ಮಾನವ ಹಕ್ಕುಗಳ ವಿಷಯ ನೋಡಿಕೊಳ್ಳುವ ಸಹಾಯಕ. ಮಿನ್ಸ್ಕ್ ರಾಜಧಾನಿಯಾಗಿರುವ ಬೆಲಾರಸ್‌ನಲ್ಲಿ ಅಧ್ಯಕ್ಷೀಯ ಚುನಾವಣೆ ಮುಗಿದಿತ್ತು. ಮತಗಟ್ಟೆಯ ಫಲಿತಾಂಶದ ಪ್ರತಿಯನ್ನು ಜನರಿಗೆ ಕಾಣುವಂತೆ ಹಾಕಬೇಕೆಂಬ ನಿಯಮ ಅಲ್ಲಿಯೂ ಇದೆ. ಆದರೆ ಎಷ್ಟೋ ಕಡೆ ಜನರು ಶಾಲೆಯ ಬಾಗಿಲ ಮುಂದೆ ನಿಂತು ಹಾಳೆ ತೋರಿಸಿ ಎಂದು ಕೂಗುತ್ತಿದ್ದರು. ಒಳಗಿದ್ದವರು ಪೊಲೀಸರ ಕಾವಲಿನಲ್ಲಿ ಹಿಂಬಾಗಿಲಿನಿಂದ ಹೊರಟುಹೋಗುತ್ತಿದ್ದರು. ಅಷ್ಟರಲ್ಲಿ ದೇಶದ ಇಂಟರ್ನೆಟ್ ಕಡಿತಗೊಂಡಿತು. ಅಧಿಕಾರದಲ್ಲಿದ್ದ ಅಧ್ಯಕ್ಷ ಲುಕಾಶೆಂಕೊ ಅವರಿಗೆ ಶೇ 80.1 ಮತ ಬಂದಿದೆ ಎಂದು ಚುನಾವಣಾ ಆಯೋಗ ಪ್ರಕಟಿಸಿತು.

ಮರುದಿನ ನಮ್ಮ ಸದಸ್ಯರು ಕೇಳಿದ ಮೊದಲ ಪ್ರಶ್ನೆ, 'ನಮಗೆ ಏನು ಖಚಿತವಾಗಿ ಗೊತ್ತು?' ಎಂಬುದಾಗಿತ್ತು. ಹೇಳಿಕೆ ಹೊರಡಿಸುವುದು ಸುಲಭ. ಬೆಳಗಾಗುವಷ್ಟರಲ್ಲಿ ಹಲವು ಪಕ್ಷಗಳವರು ಹೊರಡಿಸಿದ್ದರು. ಆದರೆ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ ವೀಕ್ಷಕರು ಈ ಬಾರಿ ಹೋಗಿರಲೇ ಇಲ್ಲ. ಆಹ್ವಾನ ತಡವಾಗಿ ಬಂದದ್ದರಿಂದ ತಂಡವನ್ನು ಕಳುಹಿಸುವುದಿಲ್ಲವೆಂದು ಅವರು ಜುಲೈಯಲ್ಲೇ ತಿಳಿಸಿದ್ದರು. ಕೊರೊನಾ ಕಾರಣ ಮುಂದೊಡ್ಡಿ ಸ್ಥಳೀಯ ವೀಕ್ಷಕರ ಸಂಖ್ಯೆಯನ್ನೂ ಮೊಟಕುಗೊಳಿಸಲಾಗಿತ್ತು. ಒಳಗೆ ಬಿಡದವರು ಹೊರಗೆ ಬೆಂಚಿನ ಮೇಲೆ ಕುಳಿತು ಬಂದುಹೋದವರನ್ನು ಒಬ್ಬೊಬ್ಬರನ್ನಾಗಿ ಎಣಿಸಿದ್ದರು.

ನಮ್ಮ ಕಡತದ ಬುನಾದಿಯಾಗಿದ್ದು ಇಂಥವರ ಶ್ರಮ. 'ಗೋಲೊಸ್' ಎಂಬ ವೇದಿಕೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮತದಾರರು ನೋಂದಾಯಿಸಿಕೊಂಡು, ಅವರಲ್ಲಿ ಬಹಳಷ್ಟು ಮಂದಿ ತಮ್ಮ ಮತಪತ್ರದ ಫೋಟೊ ಕಳುಹಿಸಿದ್ದರು. ಜೊತೆಗೆ 1,310 ಮತಗಟ್ಟೆಗಳ ಲೆಕ್ಕದ ಹಾಳೆಗಳ ಫೋಟೊಗಳೂ ಸಿಕ್ಕಿದವು. ಆ ಹಾಳೆಗಳಲ್ಲಿ, ಅಂದರೆ ಅಧಿಕಾರಿಗಳೇ ಸಹಿ ಹಾಕಿದ ಲೆಕ್ಕದಲ್ಲಿ, ಲುಕಾಶೆಂಕೊ ಅವರ ಎದುರಾಳಿ ಅಭ್ಯರ್ಥಿ ಸ್ವೆಟ್ಲಾನಾ ಟಿಖಾನೋವ್‌ಸ್ಕಯಾ ಅವರಿಗೆ ಬಿದ್ದಿದ್ದ ಮತ 4.7 ಲಕ್ಷಕ್ಕೂ ಹೆಚ್ಚು. ಇಡೀ ದೇಶದ 5,767 ಮತಗಟ್ಟೆಗಳಲ್ಲಿ ಅವರಿಗೆ ಸಿಕ್ಕಿತೆಂದು ಆಯೋಗ ಹೇಳಿದ್ದು ಸುಮಾರು 5.88 ಲಕ್ಷ. ಹಾಗಾದರೆ ಉಳಿದ ನಾಲ್ಕೂವರೆ ಸಾವಿರ ಮತಗಟ್ಟೆಗಳಲ್ಲಿ ಅವರಿಗೆ ಬಿದ್ದದ್ದು ಒಂದು ಲಕ್ಷದ ಚಿಲ್ಲರೆಯೇ? ನಮ್ಮ ಸದಸ್ಯರ ಭಾಷಣಕ್ಕೆ ನಾನು ಬರೆದುಕೊಟ್ಟ ಟಿಪ್ಪಣಿಯಲ್ಲಿ ಈ ಕಳೆಯುವ ಲೆಕ್ಕವೊಂದೇ ಇತ್ತು. ಕ್ರೂರ, ಕರಾಳ ಎಂಬ ಮಾತುಗಳನ್ನು ಅವರೇ ಹೊಡೆದುಹಾಕಿದ್ದರು.

ಆ ವರ್ಷದ ಸೆಪ್ಟೆಂಬರ್‌ನಲ್ಲಿ 17 ದೇಶಗಳು ಅದೇ ಭದ್ರತೆ ಮತ್ತು ಸಹಕಾರ ಸಂಘಟನೆಯ 'ಮಾಸ್ಕೊ ವ್ಯವಸ್ಥೆ' ಎಂಬ ತನಿಖಾ ಕ್ರಮವನ್ನು ಜಾರಿಗೆ ತಂದವು. ತನಿಖೆಗೆ ನೇಮಕಗೊಂಡ ಪ್ರಾಧ್ಯಾಪಕ ವುಲ್ಫ್‌ಗಾಂಗ್ ಬೆನೆಡೆಕ್ ಅವರ ವರದಿ ನವೆಂಬರ್ 5ರಂದು ಹೊರಬಂತು. ಬೆಲಾರಸ್ ಸರ್ಕಾರ ಅವರಿಗೆ ಸಹಕರಿಸಲಿಲ್ಲ. ಆದರೂ ಅವರು ಫಲಿತಾಂಶವನ್ನು ರದ್ದುಪಡಿಸಿ ಹೊಸ ಚುನಾವಣೆ ನಡೆಸಬೇಕೆಂದು ಶಿಫಾರಸು ಮಾಡಿದರು. ಬಂಧಿತರಿಗೆ ಕೊಟ್ಟ ಚಿತ್ರಹಿಂಸೆಯ ದಾಖಲೆಯೂ ಅದೇ ವರದಿಯಲ್ಲಿತ್ತು. ಚುನಾವಣೆಗೆ ಒಂದು ಕಡತ, ಮಾನವ ಹಕ್ಕುಗಳಿಗೆ ಇನ್ನೊಂದು ಎಂದು ಅಲ್ಲಿಯವರೆಗೆ ಬೇರೆ ಬೇರೆ ಇಟ್ಟಿದ್ದೆ. ಅಂದು ಎರಡನ್ನೂ ಒಂದೇ ಲಕೋಟೆಗೆ ಹಾಕಿದೆ. ಲೆಕ್ಕ ಕೇಳಿದವರೇ ಜೈಲು ಸೇರುತ್ತಿದ್ದರು.

ಆ ವೇಳೆಗೆ ಜರ್ಮನಿಯ ಅನೇಕ ಜನಪ್ರತಿನಿಧಿಗಳು ಬೆಲಾರಸ್‌ನ ಒಬ್ಬೊಬ್ಬ ರಾಜಕೀಯ ಕೈದಿಯ ಹೊಣೆ ಹೊತ್ತುಕೊಂಡಿದ್ದರು. ಲಿಬೆರೆಕೊ ಎಂಬ ಸಂಸ್ಥೆ ಇದನ್ನು ನಡೆಸುತ್ತಿತ್ತು. ನಮ್ಮ ಸದಸ್ಯರ ಪಾಲಿಗೆ ಬಂದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರು, ವೃತ್ತಿ, ವಯಸ್ಸನ್ನೂ ಹೇಳುವುದಿಲ್ಲ. ಈ ಎಚ್ಚರವನ್ನು ನಾನು ಕಲಿತದ್ದು ತಡವಾಗಿ. 'ವಿಯಾಸ್ನಾ'ದಂಥ ಮಾನವ ಹಕ್ಕು ಸಂಘಟನೆಗೆ ಅಲ್ಲಿ ತೀವ್ರಗಾಮಿ ಎಂಬ ಹಣೆಪಟ್ಟಿ ಬಿದ್ದಿದೆ. ಅವರೊಂದಿಗೆ ಮಾತನಾಡಿದ ಮನೆಯವರೂ ಸಿಕ್ಕಿಬೀಳಬಹುದು.

ಮೊದಲ ಪತ್ರದ ಕರಡನ್ನು ನಾನೇ ಬರೆದೆ. ನಿಮ್ಮ ಹೋರಾಟ ವ್ಯರ್ಥವಾಗದು, ಇಡೀ ಯುರೋಪ್ ನಿಮ್ಮೊಂದಿಗಿದೆ ಎಂದೆಲ್ಲ ಬರೆದಿದ್ದೆ. ರಷ್ಯನ್‌ಗೆ ಅನುವಾದಿಸುತ್ತಿದ್ದ ಸಹೋದ್ಯೋಗಿ ಅದನ್ನು ಓದಿ ಕೆಳಗಿಟ್ಟರು. ಇದು ಜೈಲಿನ ಸೆನ್ಸಾರ್ ಮೇಜು ದಾಟುವುದಿಲ್ಲ, ದಾಟಿದರೂ ಶಿಕ್ಷೆ ಅನುಭವಿಸುವವರು ಅವರೇ, ನಾವಲ್ಲ ಎಂದರು. ಹಾಗಾದರೆ ಏನು ಬರೆಯುವುದು? ಅಂದು ಕಿಟಕಿಯಾಚೆ ಸ್ಪ್ರೇ ನದಿಯ ಮೇಲೆ ಮಂಜು ಕವಿದಿತ್ತು. ಅದನ್ನು ಬರೆದೆವು. ನಮ್ಮ ಸದಸ್ಯರು ತಮ್ಮ ತೋಟದ ಸೇಬಿನ ಬಗ್ಗೆ ನಾಲ್ಕು ಸಾಲು ಸೇರಿಸಿದರು. ಪತ್ರದ ಮೂಲೆಯಲ್ಲಿ ಸಂಖ್ಯೆ ಒಂದು ಎಂದು ಹಾಕಿದೆವು. ಸಂಖ್ಯೆ ಹಾಕಿದರೆ ನಡುವೆ ಯಾವುದು ತಲುಪಲಿಲ್ಲ ಎಂಬುದು ಅವರಿಗೂ ತಿಳಿಯುತ್ತದೆ, ನಮಗೂ ತಿಳಿಯುತ್ತದೆ. ನಾಲ್ಕನೆಯ ಪತ್ರಕ್ಕೆ ಉತ್ತರ ಬಂತು. ಎರಡು ಮತ್ತು ಮೂರು ಬಂದಿಲ್ಲ ಎಂದು ಅದರಲ್ಲಿ ಬರೆದಿದ್ದರು. ಸೇಬು ಯಾವ ಜಾತಿಯದು ಎಂದು ಕೇಳಿದ್ದರು. ಆ ಪತ್ರವನ್ನು ಓದಿ ನಮ್ಮ ಸದಸ್ಯರು ಬಹಳ ಹೊತ್ತು ಮಾತನಾಡಲಿಲ್ಲ.

ಪತ್ರಕ್ಕಿಂತ ಹೆಚ್ಚು ಕಷ್ಟಪಟ್ಟು ಕಲಿತದ್ದು ಪ್ರಶ್ನೆ ಕೇಳುವುದನ್ನು. ಬುಂಡೆಸ್ಟಾಗ್‌ನ ಪ್ರತಿ ಸದಸ್ಯರೂ ತಿಂಗಳಿಗೆ ನಾಲ್ಕು ಲಿಖಿತ ಪ್ರಶ್ನೆಗಳನ್ನು ಸರ್ಕಾರಕ್ಕೆ ಹಾಕಬಹುದು. ವಾರದೊಳಗೆ ಉತ್ತರ ಬರಬೇಕು. ಇಂಥವರ ಬಂಧನದ ಬಗ್ಗೆ ಸರ್ಕಾರದ ನಿಲುವೇನು ಎಂದು ಕೇಳಿದರೆ, ತೀವ್ರ ಕಳವಳವಿದೆ, ಬಿಡುಗಡೆಗೆ ಒತ್ತಾಯಿಸುತ್ತಲೇ ಇದ್ದೇವೆ ಎಂಬ ಎರಡು ಸಾಲು ಬರುತ್ತದೆ. ಅದರಿಂದ ಕೈದಿಗೆ ಒಂದು ತುತ್ತು ಅನ್ನವೂ ಹೆಚ್ಚಾಗಿ ಸಿಗುವುದಿಲ್ಲ. ರಾಯಭಾರ ಕಚೇರಿಯವರು ವಿಚಾರಣೆಗೆ ಹಾಜರಾಗಲು ಯಾವ ದಿನಾಂಕಗಳಂದು ಅನುಮತಿ ಕೇಳಿದರು, ಏನು ಉತ್ತರ ಬಂತು ಎಂದು ಕೇಳಿ ನೋಡಿ. ಅನುಮತಿ ಕೇಳಿಯೇ ಇರದಿದ್ದರೆ ಮುಂದಿನ ಬಾರಿ ಕೇಳುತ್ತಾರೆ. ಪ್ರಶ್ನೆಯಲ್ಲಿ ಕ್ರಿಯಾಪದವೂ ದಿನಾಂಕವೂ ಇರಬೇಕು ಎಂದು ಹೊಸದಾಗಿ ಬಂದ ತರುಣರಿಗೆ ನಾನು ಹೇಳುತ್ತಿದ್ದೆ.

ಯುರೋಪಿಯನ್ ಒಕ್ಕೂಟ 2020ರ ಅಕ್ಟೋಬರ್ 2ರಂದು 40 ಮಂದಿಯ ಮೇಲೆ ನಿರ್ಬಂಧ ಹೇರಿತು. ಲುಕಾಶೆಂಕೊ ಅವರ ಹೆಸರು ಸೇರಿದ್ದು ನವೆಂಬರ್‌ನಲ್ಲಿ. ಯಾರನ್ನು ಸೇರಿಸಬೇಕೆಂಬುದು ಸಂಸದರ ಕೈಯಲ್ಲಿಲ್ಲ, ಸದಸ್ಯ ರಾಷ್ಟ್ರಗಳೆಲ್ಲ ಒಪ್ಪಬೇಕು. ನಾವು ದಾಖಲೆ ಒದಗಿಸಬಹುದಿತ್ತು, ಅಷ್ಟೆ. ಅಲ್ಲಿ ನನ್ನನ್ನು ಕಾಡಿದ್ದು ಹೆಸರುಗಳ ಕಾಗುಣಿತ. ಒಬ್ಬರೇ ರಷ್ಯನ್‌ನಲ್ಲಿ ಟಿಖಾನೋವ್‌ಸ್ಕಯಾ, ಬೆಲಾರಸಿಯನ್‌ನಲ್ಲಿ ಸಿಖಾನೌಸ್ಕಯಾ. ಜರ್ಮನ್ ಮತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿ ಅದೇ ಹೆಸರಿಗೆ ಬೇರೆ ಬೇರೆ ರೂಪ. ಒಬ್ಬ ನ್ಯಾಯಾಧೀಶರು ನನ್ನ ಪಟ್ಟಿಯಲ್ಲಿ ಮೂವರಾಗಿ ಕುಳಿತಿದ್ದರು. ಕೊನೆಗೆ ಪಟ್ಟಿಯ ಮೊದಲ ಕಾಲಂನಲ್ಲಿ ಪ್ರತಿ ಹೆಸರನ್ನೂ ಕೇಳಿದ ಹಾಗೆ ಕನ್ನಡದಲ್ಲಿ ಬರೆದುಕೊಂಡೆ. ಒಂದೇ ಉಚ್ಚಾರಣೆಯ ಹೆಸರುಗಳು ಅಲ್ಲಿ ಒಂದರ ಕೆಳಗೊಂದು ಬಂದು ನಿಂತವು. ತಪ್ಪು ಮನುಷ್ಯನ ಹೆಸರು ಹೋದರೆ ಆಗುವ ಅನ್ಯಾಯ ನಮ್ಮದೇ ಅಲ್ಲವೇ? ಅದಕ್ಕೆ ಮೂರು ಸಲ ನೋಡುತ್ತಿದ್ದೆ.

2023ರ ನಂತರ ನಾವು ಹೊಣೆ ಹೊತ್ತ ಕೈದಿಯಿಂದ ಉತ್ತರ ಬರುವುದು ನಿಂತಿತು. ಅದೇ ಸಮಯದಲ್ಲಿ ಮರಿಯಾ ಕೊಲೆಸ್ನಿಕೋವಾ ಅವರಂಥ ಹೆಸರಾಂತ ಕೈದಿಗಳ ಸುದ್ದಿಯೂ ಹೊರಗೆ ಬರುತ್ತಿರಲಿಲ್ಲ. ನಾವು ತಿಂಗಳಿಗೊಂದು ಪತ್ರ ಬರೆಯುತ್ತಲೇ ಇದ್ದೆವು. ಮಂಜು, ಸೇಬು, ಬರ್ಲಿನ್‌ನ ಟ್ರಾಮ್, ಒಮ್ಮೆ ನಮ್ಮ ಮಲೆನಾಡಿನ ಮಳೆ. ಉಕ್ರೇನ್ ಯುದ್ಧದ ಗದ್ದಲದಲ್ಲಿ ಬೆಲಾರಸ್ ಎಂದರೆ ಸಭೆಗಳಲ್ಲಿ ಕುರ್ಚಿಗಳು ಖಾಲಿಯಾಗುತ್ತಿದ್ದವು. 2025ರ ಜನವರಿ 26ರಂದು ಮತ್ತೊಂದು ಚುನಾವಣೆ ನಡೆದು, ಲುಕಾಶೆಂಕೊ ಅವರಿಗೆ ಸುಮಾರು ಶೇ 87 ಎಂದು ಘೋಷಣೆಯಾಯಿತು. ಈ ಬಾರಿ ಬಾಗಿಲ ಮುಂದೆ ನಿಂತು ಹಾಳೆ ಕೇಳಲು ಯಾರೂ ಉಳಿದಿರಲಿಲ್ಲ.

ಮರುತಿಂಗಳು ಜರ್ಮನಿಯಲ್ಲೇ ಚುನಾವಣೆ. ನಮ್ಮ ಸದಸ್ಯರು ಮರಳಿ ಬರಲಿಲ್ಲ. ಸದಸ್ಯತ್ವ ಮುಗಿದರೆ ಸಹಾಯಕರ ಕೆಲಸವೂ ಮುಗಿಯುತ್ತದೆ. ಪೆಟ್ಟಿಗೆ ಕಟ್ಟುವ ಆ ವಾರಗಳಲ್ಲಿ ನನಗಿದ್ದ ಚಿಂತೆ ಒಂದೇ: ಈ ಮನುಷ್ಯರ ಹೊಣೆಯನ್ನು ಯಾರು ವಹಿಸಿಕೊಳ್ಳುತ್ತಾರೆ? ಐದು ಕಚೇರಿಗಳ ಬಾಗಿಲು ತಟ್ಟಿದೆ. ಆರನೆಯದರಲ್ಲಿ ಮೊದಲ ಬಾರಿಗೆ ಗೆದ್ದು ಬಂದ ಸದಸ್ಯೆಯೊಬ್ಬರು, ಅವರ ಮೇಜಿಗೆ ಇನ್ನೂ ಕಂಪ್ಯೂಟರ್ ಕೂಡ ಬಂದಿರಲಿಲ್ಲ, ಕಡತ ತೆರೆದು ಕುಳಿತರು. ಪತ್ರ ರಷ್ಯನ್‌ನಲ್ಲಿರಲಿ, ರಾಜಕೀಯ ಬೇಡ, ಹುಟ್ಟುಹಬ್ಬ ಮರೆಯಬೇಡಿ ಎಂದು ಹೇಳಿದೆ. ಕೈಬರಹದ ಪಟ್ಟಿಯ ಪ್ರತಿಗೆ, ಅಮ್ಮ ಏಜೆಂಟರಿಂದ ಪಡೆಯುತ್ತಿದ್ದ ಹಾಗೆ, ಅವರ ಸಹಿ ಪಡೆದುಕೊಂಡೆ. ಕೊನೆಯ ಪತ್ರದ ಸಂಖ್ಯೆ 47 ಎಂದಿತ್ತು. ಅವರು ಒಂದು ಬಿಳಿ ಹಾಳೆ ತೆಗೆದುಕೊಂಡು ಮೂಲೆಯಲ್ಲಿ 48 ಎಂದು ಬರೆದು, ಇವರಿಗೆ ಸೇಬು ಇಷ್ಟವೇ ಎಂದು ನನ್ನನ್ನು ಕೇಳಿದರು.