ಚೆಸ್ ಓಪನಿಂಗ್: ಶುರುವಿಗೆ ಒಂದು ಇಟಾಲಿಯನ್ ಸಾಕು

ಚೆಸ್ ಕಲಿಯಲು ಕೂತವರು ಹತ್ತಾರು ಓಪನಿಂಗ್‌ಗಳ, ಅಂದರೆ ಆಟ ಶುರು ಮಾಡುವ ನಡೆಗಳ, ವಿಡಿಯೊ ನೋಡುತ್ತಾರೆ. ಐದನೇ ನಡೆಗೆ ಎಲ್ಲ ಕಲಸಿಹೋಗುತ್ತದೆ. ಒಂದನ್ನೇ ಚೆನ್ನಾಗಿ ಕಲಿಯಿರಿ. ಇಟಾಲಿಯನ್ ಗೇಮ್ ಆದರೆ ಒಳ್ಳೆಯದು. 17ನೇ ಶತಮಾನದ ಇಟಲಿಯ ಆಟಗಾರ ಗ್ರೆಕೊ ಆಡಿ ತೋರಿಸಿದ ದಾರಿಯನ್ನು ಗ್ರ್ಯಾಂಡ್‌ಮಾಸ್ಟರ್‌ಗಳು ಇಂದಿಗೂ ಬಿಟ್ಟಿಲ್ಲ.

ಬೋರ್ಡ್ ಎದುರಿಗಿಟ್ಟುಕೊಂಡು ಓದಿ. ನಿಮ್ಮದು ಬಿಳಿ. ಮನೆಗಳ ಹೆಸರಿನಲ್ಲಿ ಅಕ್ಷರ ನಿಮ್ಮ ಎಡದಿಂದ ಎ ಯಿಂದ ಎಚ್‌ವರೆಗಿನ ಕಂಬಸಾಲು, ಅಂಕಿ ನಿಮ್ಮ ಕಡೆಯಿಂದ ಎಣಿಸಿದ ಅಡ್ಡಸಾಲು. ಕಾಯಿಯ ಹೆಸರಿಲ್ಲದೆ ಬರೀ ಮನೆ ಹೇಳಿದರೆ ಕಾಲಾಳಿನ ನಡೆ.

1. ರಾಜನ ಮುಂದಿನ ಕಾಲಾಳು ಇ4ಕ್ಕೆ. ನಡುವಿನ ಜಾಗ ಸಿಕ್ಕಿತು, ರಾಣಿಗೂ ಒಂಟೆಗೂ ದಾರಿ ತೆರೆಯಿತು. ಕಪ್ಪು ಇ5 ಆಡಿತು ಎಂದುಕೊಳ್ಳಿ.

2. ಕುದುರೆ ಎಫ್3ಕ್ಕೆ. ಇ5ರ ಕಾಲಾಳಿಗೆ ಬೆದರಿಕೆ. ಕಪ್ಪು ತನ್ನ ಕುದುರೆಯನ್ನು ಸಿ6ಕ್ಕೆ ತಂದು ಕಾಯುತ್ತದೆ.

3. ಒಂಟೆ ಸಿ4ಕ್ಕೆ. ಇದರ ಕಣ್ಣು ಎಫ್7ರ ಮೇಲೆ. ಆಟದ ಶುರುವಿನಲ್ಲಿ ಆ ಮನೆಯನ್ನು ಕಾಯುವುದು ರಾಜ ಒಬ್ಬನೇ.

ಕಪ್ಪು ಒಂಟೆಯನ್ನು ಸಿ5ಕ್ಕೆ ತಂದರೆ ನೀವು ಸಿ3, ಡಿ3 ಆಡಿ, ಕ್ಯಾಸ್ಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಭದ್ರ ಮಾಡುವುದು) ಮಾಡಿ ಆರಾಮಾಗಿ ಮುಂದುವರಿಯಿರಿ. ಕಪ್ಪು ಎರಡನೇ ಕುದುರೆಯನ್ನು ಎಫ್6ಕ್ಕೆ ತಂದರೆ ಮಜಾ ಬೇರೆ. ನಿಮ್ಮ ಕುದುರೆ ಜಿ5ಕ್ಕೆ ಹಾರಲಿ. ಈಗ ಎಫ್7ರ ಮೇಲೆ ಎರಡು ಕಾಯಿಗಳ ಕಣ್ಣು. ಕಪ್ಪು ಡಿ5 ಆಡಿ ಒಂಟೆಗೆ ಅಡ್ಡ ನಿಲ್ಲುತ್ತದೆ. ನೀವು ಇ4ರ ಕಾಲಾಳಿನಿಂದ ಅದನ್ನು ಹೊಡೆಯಿರಿ. ಕಪ್ಪು ಸುಮ್ನೆ ಕುದುರೆಯಿಂದ ತಿರುಗಿ ಹೊಡೆದರೆ, ನಿಮ್ಮ ಕುದುರೆ ಎಫ್7ಕ್ಕೆ ನುಗ್ಗುತ್ತದೆ. ರಾಣಿ, ಆನೆ ಎರಡಕ್ಕೂ ಒಟ್ಟಿಗೆ ಏಟು! ರಾಜ ಕುದುರೆಯನ್ನು ತಿನ್ನಲೇಬೇಕು. ಆಮೇಲೆ ನಿಮ್ಮ ರಾಣಿ ಎಫ್3ರಿಂದ ಚೆಕ್ ಕೊಡುತ್ತದೆ. ಡಿ5ರ ಕುದುರೆ ಉಳಿಯಬೇಕಾದರೆ ಆ ರಾಜ ಇ6ಕ್ಕೆ, ಬಯಲಿಗೇ ಬರಬೇಕು. ಇದೇ ಫ್ರೈಡ್ ಲಿವರ್ ದಾಳಿ. ನೀವೇ ಕಪ್ಪು ಆಡುತ್ತಿದ್ದರೆ ಹೊಡೆಯುವ ಆಸೆ ಬಿಡಿ. ಸಿ6ರ ಕುದುರೆಯನ್ನು ಎ5ಕ್ಕೆ ತಂದು ಒಂಟೆಯನ್ನು ಕೆಣಕಿ.

ಮೂರನೇ ನಡೆಯಲ್ಲಿ ಒಂಟೆ ಬಿ5ಕ್ಕೆ ಹೋದರೆ ಅದು ರೂಯ್ ಲೋಪೆಜ್. ಇ4ಕ್ಕೆ ಕಪ್ಪು ಸಿ5 ಎಂದರೆ ಸಿಸಿಲಿಯನ್. ಅದರಲ್ಲಿ ಕವಲುಗಳು ಜಾಸ್ತಿ, ಈಗಲೇ ಅವಸರ ಬೇಡ.

ಇ4 ಬದಲು ಬಿಳಿ ಡಿ4, ಕಪ್ಪು ಡಿ5, ಬಿಳಿ ಸಿ4 ಬಂದರೆ ಕ್ವೀನ್ಸ್ ಗ್ಯಾಂಬಿಟ್. ಗ್ಯಾಂಬಿಟ್ ಅಂದರೆ ಲಾಭಕ್ಕಾಗಿ ಕಾಲಾಳನ್ನು ಒಡ್ಡುವುದು. ಪುಕ್ಕಟೆ ಸಿಕ್ಕ ಕಾಲಾಳು ಅಲ್ವಾ ಎಂದು ಕಪ್ಪು ಅದನ್ನು ತಿಂದರೆ ಬಿಳಿ ಇ3 ಆಡುತ್ತದೆ. ಉಳಿಸಿಕೊಳ್ಳಲು ಕಪ್ಪು ಬಿ5, ಬಿಳಿ ಎ4, ಕಪ್ಪು ಸಿ6. ಬಿ5ರಲ್ಲಿ ಕಾಲಾಳುಗಳು ಹೊಡೆದಾಡಿಕೊಂಡ ಮೇಲೆ ಬಿಳಿ ರಾಣಿ ಎಫ್3ಕ್ಕೆ ಬಂದು ಮೂಲೆಯ ಆನೆಯನ್ನು ನೇರ ನೋಡುತ್ತದೆ. ಆನೆ ಉಳಿಸಲು ಕಪ್ಪು ಕುದುರೆಯನ್ನೋ ಒಂಟೆಯನ್ನೋ ಕಳೆದುಕೊಳ್ಳಬೇಕಾಗುತ್ತದೆ.